ಮೂಗಿಗೋ, ನರಕ್ಕೋ?

ಕುಂಬಳೆಯಿಂದ ಕೇಳಿದ್ದೀರಿ: ಅಮ್ಮನ ಸೈನಸ್ ಆಪರೇಶನ್‌ಗೆ ಮುಂಚೆ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಮಂಪರು ಬರಿಸುವ ಮದ್ದನ್ನು ಮೂಗಿಗೆ ಬಿಡುತ್ತಾರಂತೆ, ನರಕ್ಕೆ ಕೊಡುವುದೇ ಒಳ್ಳೆಯದಲ್ವಾ ಅಂತ. ನಾನೂ ಅಲ್ಲೇ ಹತ್ತಿರದ ಬದಿಯಡ್ಕದವಳೇ, ಮಂಗಳೂರಲ್ಲಿ ಆಪರೇಶನ್ ಥಿಯೇಟರ್ ನರ್ಸ್.

ಎರಡರಲ್ಲೂ ಮದ್ದು ಒಂದೇ, ದಾರಿ ಬೇರೆ. ನರಕ್ಕಾದರೆ ಸುಮಾರು 10 ನಿಮಿಷ ನಿಧಾನವಾಗಿ ಹರಿಸುತ್ತಾರೆ. ಬೇಗ ಹಿಡಿಯುತ್ತದೆ, ಅಳತೆಯೂ ಕೈಯಲ್ಲಿರುತ್ತದೆ. ಆದರೆ ಅವಸರ ಮಾಡಿದರೆ ನಾಡಿಬಡಿತ ಜಾಸ್ತಿ ಇಳಿಯಬಹುದು. ಮೂಗಿಗೆ ಬಿಟ್ಟರೆ ಅರ್ಧ ಮುಕ್ಕಾಲು ಗಂಟೆ ಕಾಯಬೇಕು. ಉರಿಯುವುದಿಲ್ಲ, ಮೆಲ್ಲಗೆ ಮಂಪರು ಬರುತ್ತದೆ. ಸೂಜಿ ಕಂಡರೆ ಕೈ ನಡುಗುವವರು ಸೆರಗು ಹಿಡಿದುಕೊಂಡೇ ಕಣ್ಣು ಮುಚ್ಚಿದ್ದನ್ನು ನೋಡಿದ್ದೇನೆ. ಆದರೆ ದುರ್ಮಾಂಸ ಬೆಳೆದು ಮೂಗು ಪೂರ್ತಿ ಕಟ್ಟಿದ್ದರೆ ಮದ್ದು ಸರಿಯಾಗಿ ಹೀರದೆ ಇರಬಹುದು. ಇದನ್ನು ಡಾಕ್ಟರ ಹತ್ತಿರ ಖಂಡಿತ ಕೇಳಿ.

ಈ ಮದ್ದು ನಾಡಿ, ಬಿಪಿ ತಗ್ಗಿಸುವುದರಿಂದ ರಕ್ತ ಒಸರುವುದು ಕಡಿಮೆಯಾಗುತ್ತದೆ, ಡಾಕ್ಟರಿಗೆ ಮೂಗಿನೊಳಗೆ ಹಾಕುವ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಅಮ್ಮನ ಬಿಪಿ, ಹೃದಯದ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಕೊಂಡುಹೋಗಿ ಅರಿವಳಿಕೆ ಡಾಕ್ಟರಿಗೆ ತೋರಿಸಿ. ಮುಖ್ಯವಾಗಿ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ನಾಡಿ ಇಳಿಸುವ ಮಾತ್ರೆ ಇದ್ದರೆ ಹೇಳಲೇಬೇಕು. ನೀವಾಗಿ ನಿಲ್ಲಿಸಬೇಡಿ. ಮದ್ದು ಕೊಟ್ಟ ಮೇಲೆ ಅಮ್ಮ ಒಬ್ಬರೇ ಎದ್ದು ಬಾತ್‌ರೂಮಿಗೆ ಹೋಗದ ಹಾಗೆ ನೋಡಿಕೊಳ್ಳಿ.