ಚಿಕ್ಕ ಕ್ವಾಯರ್, ಒಂದೇ ಆರ್ಗನ್: ಫೋರೆಯ ರೆಕ್ವಿಯೆಮ್‌ಗೆ ಯಾವ ಎಡಿಷನ್ ತಗೊಳ್ಳಬೇಕು?

ನಿಮ್ಮದು 24 ಜನರ ಕ್ವಾಯರ್, ಅಂದರೆ ಗುಂಪಾಗಿ ಹಾಡುವ ತಂಡ. ಆರ್ಕೆಸ್ಟ್ರಾ ಇಲ್ಲ, ಚರ್ಚಿನ ಆರ್ಗನ್ ಒಂದೇ. ಫ್ರೆಂಚ್ ಸಂಗೀತಕಾರ ಫೋರೆಯ ರೆಕ್ವಿಯೆಮ್ (ಸತ್ತವರಿಗಾಗಿ ಹಾಡುವ ಲ್ಯಾಟಿನ್ ಪ್ರಾರ್ಥನೆ) ಹಾಡಬೇಕು, ಆದರೆ ಹುಡುಕಿದರೆ ಅದರ ಸ್ವರಪುಸ್ತಕಕ್ಕೆ ಮೂರು ನಾಲ್ಕು ಎಡಿಷನ್ ಕಾಣುತ್ತಿವೆ, ಯಾವುದು ಅಂತ ಕೇಳಿದ್ದೀರಿ. ನಾನು ಟೆನರ್ (ಗಂಡಸರಲ್ಲಿ ಮೇಲಿನ ದನಿ), ಇದನ್ನು ಎರಡು ಸಲ ಹಾಡಿದ್ದೇನೆ. ನನ್ನನ್ನು ಕೇಳಿದರೆ 1893ರ ರೂಪ ಇರುವುದನ್ನೇ ತಗೊಳ್ಳಿ.

ಇಷ್ಟೊಂದು ಎಡಿಷನ್ ಯಾಕಿವೆ ಅಂದರೆ, ಫೋರೆ ಇದನ್ನು ಒಂದೇ ಸಲಕ್ಕೆ ಬರೆದು ಮುಗಿಸಲಿಲ್ಲ. ಪ್ಯಾರಿಸ್‌ನ ಮಾದ್ಲೆನ್ ಚರ್ಚಿನಲ್ಲಿ ಅವನು ಕ್ವಾಯರ್ ಮಾಸ್ಟರ್. 1888ರ ಜನವರಿಯಲ್ಲಿ ಅಲ್ಲೇ ಒಬ್ಬರ ಅಂತ್ಯಸಂಸ್ಕಾರಕ್ಕೆ ಮೊದಲ ಸಲ ಹಾಡಿಸಿದ. ಆಗ ಇದ್ದದ್ದು ಐದೇ ಭಾಗ. ವಯೊಲಿನ್ ಸಾಲೇ ಇಲ್ಲ, ಸಾಂಕ್ಟುಸ್ ಅನ್ನುವ ಭಾಗದಲ್ಲಿ ಒಬ್ಬನೇ ವಯೊಲಿನ್ ನುಡಿಸುವವನು. ಉಳಿದಂತೆ ವಿಯೊಲಾ, ಚೆಲ್ಲೊ, ಡಬಲ್ ಬೇಸ್, ಹಾರ್ಪ್, ಟಿಂಪನಿ, ಆರ್ಗನ್. ಆಮೇಲೆ ಇನ್ನೆರಡು ಭಾಗ ಸೇರಿ 1893ರ ಹೊತ್ತಿಗೆ ಏಳಾಯಿತು, ಹಾರ್ನ್, ಟ್ರಂಪೆಟ್ ಬಂದವು. ಪ್ರಕಾಶಕ ಹಾಮೆಲ್‌ಗೆ ಸಂಗೀತ ಕಚೇರಿಯ ಹಾಲ್‌ಗಳಲ್ಲಿ ನಡೆಯುವಂಥದ್ದು ಬೇಕಿತ್ತು. ಹಾಗಾಗಿ 1900ರಲ್ಲಿ ಪೂರ್ತಿ ಆರ್ಕೆಸ್ಟ್ರಾದ ರೂಪ ಬಂತು. ಅದನ್ನು ಫೋರೆಯೇ ಬರೆದನಾ, ಶಿಷ್ಯ ರೋಜೆ-ಡ್ಯುಕಾಸ್ ಬರೆದನಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಪಾಪ, ಅದರಲ್ಲಿ ಕೊಳಲು, ಕ್ಲಾರಿನೆಟ್‌ನವರಿಗೆ ಪಿಯೆ ಯೇಸು ಅನ್ನುವ ಒಂದು ಭಾಗದಲ್ಲೇ ಕೆಲಸ. ಉಳಿದ ಅರ್ಧ ಗಂಟೆ ಸುಮ್ನೆ ಕೂತಿರಬೇಕು.

ಪುಕ್ಕಟೆ ಡೌನ್‌ಲೋಡ್ ಆಗುವುದು ಸಾಮಾನ್ಯವಾಗಿ ಹಾಮೆಲ್‌ನ ಆ ಹಳೆಯ ಮುದ್ರಣ. ಅದರಲ್ಲಿ ಅಚ್ಚಿನ ತಪ್ಪು ಜಾಸ್ತಿ. 1893ರ ರೂಪವನ್ನು ಮತ್ತೆ ಹೊರತಂದವರಲ್ಲಿ ಜಾನ್ ರಟರ್ ಮೊದಲಿಗರು, 1984ರಲ್ಲಿ. 1994ರಲ್ಲಿ ನೆಕ್ಟು ಮತ್ತು ದೆಲಾಜ್ ಸಂಪಾದಿಸಿದ್ದೂ ಬಂತು. ಎರಡರಲ್ಲಿ ಯಾವುದಾದರೂ ಆಗುತ್ತದೆ. ಹಾಡುವವರ ಸಾಲುಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ವ್ಯತ್ಯಾಸ ಇರುವುದು ವಾದ್ಯಗಳಲ್ಲಿ. ಆದರೆ ಎಲ್ಲರ ಕೈಯಲ್ಲೂ ಒಂದೇ ಪುಸ್ತಕ ಇರಲಿ. ನಮ್ಮಲ್ಲಿ ಅರ್ಧ ಜನ ಕೊಂಡಿದ್ದರು, ಅರ್ಧ ಜನ ಹಳೆಯದರ ಜೆರಾಕ್ಸ್ ತಂದಿದ್ದರು. ಕಂಡಕ್ಟರ್ "ಪುಟ 12, ಮೂರನೇ ಸಾಲು" ಅಂದಾಗ ಆಲ್ಟೊಗಳು (ಕೆಳದನಿಯ ಹೆಂಗಸರು) ಎರಡನೇ ಭಾಗವಾದ ಆಫರ್ಟರಿ ಶುರು ಮಾಡಿದರು, ನಾವಿನ್ನೂ ಮೊದಲ ಭಾಗದ ಕೀರಿಯೆಯಲ್ಲೇ ಇದ್ದೆವು. ಎರಡು ಪ್ರಾಕ್ಟೀಸ್ ಹೀಗೇ ಹೋಯಿತು.

ಇನ್ನು ಆರ್ಗನ್ ಒಂದೇ ಸಾಕಾ ಅಂದರೆ, ಸಾಕು. ಪಿಯಾನೊಗಿಂತ ಎಷ್ಟೋ ವಾಸಿ. ಶುರುವಿನಲ್ಲೇ ಗೊತ್ತಾಗುತ್ತದೆ. ವೇಗ ನಿಮಿಷಕ್ಕೆ 40 ಬೀಟ್, ಅಂದರೆ ನಾಲ್ಕು ಬೀಟಿನ ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) ಆರು ಸೆಕೆಂಡ್. ಮೊದಲು ಜೋರಾಗಿ ಒಂದು 'ಡಿ' ಸ್ವರ, ಅದರ ಹಿಂದೆಯೇ ಕ್ವಾಯರ್ ಪಿಸುದನಿಯಲ್ಲಿ "ರೆಕ್ವಿಯೆಮ್" ಅನ್ನಬೇಕು. ಕೆಳಗಿನ ಸ್ವರಸಾಲು, ಅಂದರೆ ಬೇಸ್, ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತದೆ. ಪಿಯಾನೊದಲ್ಲಿ ಆ ಸ್ವರ ಎರಡನೇ ಸೆಕೆಂಡಿಗೇ ಸೊರಗುತ್ತದೆ. ಆರ್ಗನ್ ನಮ್ಮ ಶ್ರುತಿಪೆಟ್ಟಿಗೆ ಇದ್ದ ಹಾಗೆ, ಬಿಡುವವರೆಗೂ ನಿಂತಿರುತ್ತದೆ. ನಾವು ಮೊದಲ ಸಲ ಪಿಯಾನೊ ಜೊತೆ ಹಾಡಿದಾಗ ಹತ್ತೇ ಬಾರ್‌ನಲ್ಲಿ ಶ್ರುತಿ ಇಳಿದಿತ್ತು. ಕೊನೆಯ ಭಾಗ ಇನ್ ಪಾರಾಡಿಸುಮ್‌ನಲ್ಲಿ ಮಾತ್ರ ನಿಮ್ಮ ಆರ್ಗನಿಸ್ಟ್‌ಗೆ ಕಷ್ಟ, ಬಲಗೈಗೆ ಬಿಡುವೇ ಸಿಗುವುದಿಲ್ಲ. ಅವರಿಗೆ ಆ ಪುಟಗಳನ್ನು ಮೊದಲೇ ಕೊಟ್ಟುಬಿಡಿ.

ಲ್ಯಾಟಿನ್ ಉಚ್ಚಾರಣೆಯನ್ನೂ ಈಗಲೇ ತೀರ್ಮಾನಿಸಿಕೊಳ್ಳಿ. ಫೋರೆಯ ಕಾಲದ ಪ್ಯಾರಿಸ್‌ನಲ್ಲಿ ಲ್ಯಾಟಿನ್ನನ್ನು ಫ್ರೆಂಚ್ ತರವೇ ಹೇಳುತ್ತಿದ್ದರು. "ಲುಚೆಯಾತ್" ಅಲ್ಲ, "ಲ್ಯುಸೆಯಾತ್". ಕೆಲವರು ಹಾಗೇ ಹಾಡುತ್ತಾರೆ, ಕೇಳಲು ಚೆನ್ನಾಗಿಯೇ ಇದೆ. ಆದರೆ ಚಿಕ್ಕ ಕ್ವಾಯರ್‌ಗೆ ಅದು ಬೇಡದ ತಲೆನೋವು. ಎಲ್ಲರಿಗೂ ಬರುವ ಇಟಾಲಿಯನ್ ಉಚ್ಚಾರಣೆಯೇ ಸಾಕು.

ಪಿಯೆ ಯೇಸು ಒಬ್ಬರೇ ಹಾಡುವ ಭಾಗ, ಅದಕ್ಕೆ ದೊಡ್ಡ ದನಿಯವರನ್ನು ಹುಡುಕಬೇಡಿ. 1888ರಲ್ಲಿ ಹಾಡಿದ್ದು ಒಬ್ಬ ಹುಡುಗ, ಲೂಯಿ ಓಬೆರ್ ಅಂತ, ಮುಂದೆ ಅವನೂ ಸಂಗೀತ ಬರೆದ. ಅಲುಗದ ದನಿ, ಉದ್ದನೆಯ ಉಸಿರು, ಅಷ್ಟಿದ್ದರೆ ಆಯಿತು.

ನಿಮ್ಮ ಆರ್ಗನ್‌ಗೆ ಪೆಡಲ್ (ಕಾಲಲ್ಲಿ ಒತ್ತಿ ಕೆಳಗಿನ ಸ್ವರ ನುಡಿಸುವ ಕೀಲಿಗಳು) ಇದೆಯಾ? ಇಲ್ಲದಿದ್ದರೆ ಒಬ್ಬ ಚೆಲ್ಲೊ ನುಡಿಸುವವರನ್ನು ಕರೆಯಿರಿ. ಆ ಇಳಿಯುವ ಬೇಸ್ ಅವರ ಪಾಲಿಗಿರಲಿ.