ಜೊತೆಯಾಗಿ ಹಾರುವ ಮುನ್ನ ದೂರ ಸರಿಯಲು ಕಲಿಯಿರಿ

ಓದುಗರ ಪತ್ರ: “ತರಬೇತಿಯಿಲ್ಲದೆ ಫಾರ್ಮೇಷನ್ ಹಾರಾಟಕ್ಕೆ, ಅಂದರೆ ವಿಮಾನಗಳು ಒತ್ತಾಗಿ ಜೊತೆಗೂಡಿ ಹಾರುವುದಕ್ಕೆ, ಇಳಿಯಬೇಡಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇದು ಅತಿಯಾಯಿತು. ನಾನೂ ಗೆಳೆಯನೂ ಪರವಾನಗಿ ಪಡೆದ ಪೈಲಟ್‌ಗಳು. ಎರಡು ಸಣ್ಣ ವಿಮಾನಗಳಲ್ಲಿ ಅಕ್ಕಪಕ್ಕ ಹಾರಿ ಒಬ್ಬರ ಫೋಟೊ ಇನ್ನೊಬ್ಬರು ತೆಗೆಯಬೇಕೆಂದಿದ್ದೇವೆ. ಹೆದ್ದಾರಿಯಲ್ಲಿ ಕಾರುಗಳು ಅಕ್ಕಪಕ್ಕ ಓಡುವುದಿಲ್ಲವೇ? ವೇಗ ಒಂದೇ ಇದ್ದರೆ ಡಿಕ್ಕಿ ಹೇಗಾದೀತು?”

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ವೇಗವೂ ದಿಕ್ಕೂ ಒಂದೇ ಆಗಿದ್ದರೆ ಡಿಕ್ಕಿ ಆಗುವುದಿಲ್ಲ, ನಿಜ. ಆದರೆ ಆ ಸ್ಥಿತಿ ತಾನಾಗಿ ಒದಗಿಬರುವುದಿಲ್ಲ. ದೂರದಿಂದ ಬಂದು ಅಲ್ಲಿಗೆ ಸೇರಿಕೊಳ್ಳಬೇಕು, ಸೇರಿದ ಮೇಲೆ ಕ್ಷಣಕ್ಷಣವೂ ಕಾಯ್ದುಕೊಳ್ಳಬೇಕು, ಕೊನೆಗೆ ಅಲ್ಲಿಂದ ಬಿಡಿಸಿಕೊಂಡು ಹೊರಬರಬೇಕು. ಕಾರಿನವರಿಗೆ ನೆಲದ ಮೇಲೆ ಗೆರೆ ಇದೆ, ಕಾಲ ಕೆಳಗೆ ಬ್ರೇಕ್ ಇದೆ. ನಮಗೆ ಎರಡೂ ಇಲ್ಲ. ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿಯಾದ ಥ್ರಾಟಲ್ ಪೂರ್ತಿ ಹಿಂದಕ್ಕೆಳೆದರೂ ವಿಮಾನ ಒಡನೆಯೇ ನಿಧಾನವಾಗುವುದಿಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಫಾರ್ಮೇಷನ್ ಕಲಿಯಲು ಹೊರಟ ಮೊದಲ ದಿನ, ಎಡಕ್ಕೆ ನಿಧಾನವಾಗಿ ತಿರುಗುತ್ತಿದ್ದ ಲೀಡರ್ ವಿಮಾನವನ್ನು, ಅಂದರೆ ಗುಂಪನ್ನು ಮುನ್ನಡೆಸುವ ವಿಮಾನವನ್ನು, ತಿರುವಿನ ಒಳಬದಿಯಿಂದ ಹೋಗಿ ಸೇರಿಕೊಳ್ಳುವುದು ನನ್ನ ಪಾಠ. ದೂರದಲ್ಲಿದ್ದಾಗ ಅದು ಗಾಜಿಗೆ ಅಂಟಿದ ಚುಕ್ಕೆಯಂತಿತ್ತು, ಎಷ್ಟು ಹೊತ್ತಾದರೂ ದೊಡ್ಡದಾಗಲಿಲ್ಲ. ಇನ್ನೂ ದೂರವಿದೆ ಎಂದುಕೊಂಡು ಥ್ರಾಟಲ್ ತಗ್ಗಿಸಲಿಲ್ಲ. ಆಮೇಲೆ ಒಮ್ಮೆಲೇ ಅದು ಗಾಜಿನ ತುಂಬ ಹರಡಿಕೊಂಡಿತು. ರೆಕ್ಕೆಯ ಮೇಲಿನ ರಿವೆಟ್‌ಗಳ ಸಾಲು ಕಾಣಿಸಿತು. ಗಾಬರಿಯಲ್ಲಿ ನನ್ನ ಕೈ ವಿಮಾನವನ್ನು ಇನ್ನಷ್ಟು ಎಡಕ್ಕೆ ವಾಲಿಸಲು ಹೋಯಿತು. ದೂರ ಓಡಬೇಕೆನ್ನುವ ಕೈ ಮಾಡುವುದೇ ಅದನ್ನು. ಬೋಧಕರು ಆ ಕೈಯನ್ನು ಹಾಗೆಯೇ ಹಿಡಿದು ನಿಲ್ಲಿಸಿದರು. ಥ್ರಾಟಲ್ ಹಿಂದಕ್ಕೆಳೆದು, ಮೂತಿಯನ್ನು ತುಸು ತಗ್ಗಿಸಿ, ಲೀಡರ್‌ನ ಹಿಂದೆ ಕೆಳಗಿನಿಂದ ಹಾಯ್ದು ತಿರುವಿನ ಹೊರಬದಿಗೆ ಕೊಂಡೊಯ್ದರು. ಅಷ್ಟು ಹೊತ್ತೂ ಲೀಡರ್ ನಮ್ಮ ಕಣ್ಣೆದುರಿಗೇ ಇತ್ತು. ನನ್ನ ಕೈ ಗೆದ್ದಿದ್ದರೆ ವಿಮಾನದ ಹೊಟ್ಟೆ ಅದರತ್ತ ತಿರುಗುತ್ತಿತ್ತು. ಯಾವುದಕ್ಕೆ ಬಡಿಯಲಿದ್ದೇನೋ ಅದೇ ನನಗೆ ಕಾಣದಂತಾಗುತ್ತಿತ್ತು.

ಲೆಕ್ಕ ಹಾಕಿ ನೋಡಿ. ಮುಂದಿನ ವಿಮಾನಕ್ಕಿಂತ ನಿಮ್ಮ ವೇಗ 10 ನಾಟ್ ಹೆಚ್ಚಿದ್ದರೆ ಸೆಕೆಂಡಿಗೆ ಸುಮಾರು 5 ಮೀಟರ್ ಹತ್ತಿರವಾಗುತ್ತೀರಿ. 20 ಮೀಟರ್ ಅಂತರ ಕರಗಲು ನಾಲ್ಕು ಸೆಕೆಂಡ್ ಸಾಕು. ಕ್ಯಾಮೆರಾ ಎತ್ತಿ, ಚೌಕಟ್ಟು ಸರಿಪಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ.

ಫೋಟೊದ ಮಾತು ಬಂದದ್ದರಿಂದ ಇದನ್ನು ಹೇಳದೆ ಇರಲಾರೆ. 1966ರ ಜೂನ್ 8ರಂದು ಕ್ಯಾಲಿಫೋರ್ನಿಯಾದ ಆಕಾಶದಲ್ಲಿ ಐದು ವಿಮಾನಗಳು ಒತ್ತಾಗಿ ಹಾರುತ್ತಿದ್ದವು. ಐದಕ್ಕೂ ಎಂಜಿನ್ ಒಂದೇ ಕಂಪನಿಯದು, ಹಾರಾಟ ನಡೆದದ್ದೇ ಚಿತ್ರೀಕರಣಕ್ಕಾಗಿ. ನಡುವೆ ಎಕ್ಸ್‌ಬಿ-70 ವಾಲ್ಕಿರಿ ಎಂಬ ಬೃಹತ್ ವಿಮಾನ, ಅದರ ಬಲ ರೆಕ್ಕೆಯ ತುದಿಯ ಬಳಿ ಜೋ ವಾಕರ್ ಹಾರಿಸುತ್ತಿದ್ದ ಎಫ್-104 ಯುದ್ಧವಿಮಾನ. ವಾಕರ್ 1963ರಲ್ಲಿ ಎಕ್ಸ್-15 ಎಂಬ ರಾಕೆಟ್ ವಿಮಾನವನ್ನು 100 ಕಿಲೋಮೀಟರಿಗಿಂತ ಎತ್ತರಕ್ಕೆ ಒಯ್ದವರು. ಅಂಥವರ ವಿಮಾನವೂ ವಾಲ್ಕಿರಿಯನ್ನು ತಾಕಿ, ಮಗುಚಿ, ಅದರ ಬೆನ್ನ ಮೇಲೆ ಉರುಳಿ ಬಾಲದ ರೆಕ್ಕೆಗಳನ್ನು ಕಿತ್ತೊಗೆಯಿತು. ವಾಕರ್ ಮತ್ತು ವಾಲ್ಕಿರಿಯ ಸಹಪೈಲಟ್ ಕಾರ್ಲ್ ಕ್ರಾಸ್ ಇಬ್ಬರೂ ಸತ್ತರು. ರೆಕ್ಕೆಯ ತುದಿಯಿಂದ ಸುರುಳಿಯಾಗಿ ಹೊರಡುವ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರೊಳಗೆ ಸಿಕ್ಕ ರೆಕ್ಕೆಯನ್ನು ಮಗುಚಿಹಾಕಬಲ್ಲದು. ಸಣ್ಣ ವಿಮಾನಗಳ ಸುಳಿ ಅಷ್ಟು ಬಲವಾದದ್ದಲ್ಲ, ಆದರೆ ಅಂತರ ಕಡಿಮೆಯಾದಷ್ಟೂ ಸರಿಪಡಿಸಿಕೊಳ್ಳಲು ಸಿಗುವ ಸಮಯವೂ ಕಡಿಮೆ. ಸಣ್ಣ ವಿಮಾನಗಳಿಗೆ ಇದೆಲ್ಲ ಅನ್ವಯಿಸದು ಎನ್ನುವಿರಾದರೆ ಇದನ್ನೂ ಕೇಳಿ: 2013ರ ನವೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಸ್ಕೈಡೈವರ್‌ಗಳನ್ನು ಹೊತ್ತು ಒಟ್ಟಾಗಿ ಹಾರುತ್ತಿದ್ದ ಎರಡು ಸಣ್ಣ ಸೆಸ್ನಾ ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾದವು. ಹನ್ನೊಂದು ಮಂದಿಯೂ ಬದುಕಿದರು. ಜಿಗಿಯಲು ಹೊರಟವರ ಬೆನ್ನಿಗೆ ಪ್ಯಾರಾಚೂಟ್ ಇತ್ತು. ನಿಮ್ಮ ಬೆನ್ನಿಗೆ ಇರುತ್ತದೆಯೇ?

ಇಷ್ಟಾದರೂ, ನನ್ನನ್ನು ಹೆಚ್ಚು ಕಾಡುವುದು ಡಿಕ್ಕಿಯಲ್ಲ. ಪಕ್ಕದಲ್ಲಿ ಹಾರುವ ವಿಂಗ್‌ಮನ್ ಮುಂದಿನ ದಾರಿಯನ್ನಾಗಲಿ ನೆಲವನ್ನಾಗಲಿ ನೋಡುವುದಿಲ್ಲ. ಲೀಡರ್‌ನ ರೆಕ್ಕೆಯ ದೀಪ ಅದರ ಒಡಲಿನ ಯಾವ ಗುರುತಿಗೆ ನೇರವಾಗಿದೆ ಎಂಬುದಷ್ಟೇ ಅವನ ಲೋಕ. ಎತ್ತರ, ದಿಕ್ಕು, ಇಂಧನ, ಎದುರು ಬರುವ ವಿಮಾನ, ಎಲ್ಲವನ್ನೂ ಲೀಡರ್‌ನ ಕೈಗೆ ಒಪ್ಪಿಸಿರುತ್ತಾನೆ. 1982ರ ಜನವರಿ 18ರಂದು ನೆವಾಡದಲ್ಲಿ ಅಮೆರಿಕ ವಾಯುಪಡೆಯ ಥಂಡರ್‌ಬರ್ಡ್ಸ್ ಎಂಬ ಪ್ರದರ್ಶನ ತಂಡದ ನಾಲ್ಕು ಟಿ-38 ಜೆಟ್ ವಿಮಾನಗಳು ಸಾಲಾಗಿ ಲೂಪ್ (ಮೇಲೇರಿ, ಮಗುಚಿ, ಕೆಳಗಿಳಿದು ಬರುವ ಪೂರ್ಣ ಸುತ್ತು) ಹೊಡೆಯುತ್ತಿದ್ದಾಗ ಲೀಡರ್‌ಗೆ ಮೇಲೇಳಲು ಆಗಲಿಲ್ಲ. ಲೀಡರ್ ವಿಮಾನದ ನಿಯಂತ್ರಣ ವ್ಯವಸ್ಥೆ ಸಿಕ್ಕಿಕೊಂಡಿತ್ತು ಎಂದಿತು ತನಿಖೆ. ಉಳಿದ ಮೂವರು ಲೀಡರ್‌ನನ್ನೇ ಅನುಸರಿಸುತ್ತ, ಕಲಿತದ್ದನ್ನು ಚಾಚೂ ತಪ್ಪದೆ ಪಾಲಿಸಿದರು. ನಾಲ್ಕೂ ವಿಮಾನಗಳು ಒಟ್ಟಿಗೇ ನೆಲಕ್ಕಪ್ಪಳಿಸಿದವು. ನಿಮ್ಮ ಗೆಳೆಯ ಒಳ್ಳೆಯ ಪೈಲಟ್ ಇರಬಹುದು. ನಿಮ್ಮಿಬ್ಬರ ಪ್ರಾಣಕ್ಕೂ ಹೊಣೆಯಾಗಿ, ಪ್ರತಿ ತಿರುವನ್ನೂ ನಿಮಗಾಗಿ ನಯವಾಗಿಸಿ ಹಾರುವುದನ್ನು ಅವರು ಕಲಿತಿದ್ದಾರೆಯೇ? ಲೀಡರ್ ಆಗುವುದಕ್ಕೂ ಬೇರೆಯೇ ತರಬೇತಿ ಬೇಕು.

ಆದ್ದರಿಂದಲೇ ಒಳ್ಳೆಯ ಬೋಧಕರು ಹತ್ತಿರ ಹಾರುವುದಕ್ಕೆ ಮೊದಲು ಬಿಟ್ಟು ಹೋಗುವುದನ್ನು ಕಲಿಸುತ್ತಾರೆ. ಲೀಡರ್ ಕಣ್ಣಿಗೆ ಕಾಣದಾದ ಕ್ಷಣ ರೇಡಿಯೊದಲ್ಲಿ ಕೂಗಿ ದೂರ ಸರಿಯಬೇಕು. ‘ಈಗ ಕಾಣಿಸೀತು’ ಎಂದು ಕಾಯಬಾರದು. ಮೋಡದೊಳಗೆ ನೇರವಾಗಿ ಹಾರುವಾಗ ಹೀಗಾದರೆ ಅಮೆರಿಕದ ಸೇನಾ ಪೈಲಟ್‌ಗಳು 15 ಡಿಗ್ರಿ ವಾಲಿಸಿ 15 ಸೆಕೆಂಡ್ ಲೀಡರ್‌ನಿಂದ ಆಚೆಗೆ ತಿರುಗುತ್ತಾರೆ. ಇದನ್ನೆಲ್ಲ ನೆಲದ ಮೇಲೆ, ಹಾರುವ ಮುನ್ನ ನಡೆಯುವ ಮಾತುಕತೆಯಾದ ಬ್ರೀಫಿಂಗ್‌ನಲ್ಲಿ, ಬಾಯಿಪಾಠವಾಗುವಷ್ಟು ಸಲ ಹೇಳಿಸುತ್ತಾರೆ. ಆಮೇಲೆ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ಅಂತರದಿಂದ ಶುರು. ನುರಿತ ಯುದ್ಧವಿಮಾನ ಪೈಲಟ್‌ಗಳೇ ಸೇರುವ ಬ್ರಿಟನ್ನಿನ ರೆಡ್ ಆರೋಸ್ ಎಂಬ ವೈಮಾನಿಕ ಪ್ರದರ್ಶನ ತಂಡದಲ್ಲೂ ಚಳಿಗಾಲವಿಡೀ ಸಣ್ಣ ಗುಂಪುಗಳಲ್ಲಿ ಅಭ್ಯಾಸ ನಡೆಯುತ್ತದೆ. ಪ್ರದರ್ಶನಕ್ಕೆ ಅನುಮತಿ ಸಿಗುವ ತನಕ ಅವರು ತೊಡುವುದು ಹಸಿರು ಉಡುಪನ್ನು, ಕೆಂಪನ್ನಲ್ಲ.

ಅಮೆರಿಕದ ನಿಯಮದ ಪ್ರಕಾರ ಎಲ್ಲ ಪೈಲಟ್‌ಗಳೂ ಮೊದಲೇ ಮಾತನಾಡಿಕೊಳ್ಳದೆ ಫಾರ್ಮೇಷನ್‌ನಲ್ಲಿ ಹಾರುವಂತಿಲ್ಲ, ಹಣ ಪಡೆದು ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಅದು ತೀರಾ ಕನಿಷ್ಠ ಎನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಆಸೆಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಬಿಸಿಲಿನಲ್ಲಿ ಪಕ್ಕದ ವಿಮಾನ ಅಲುಗದೆ ತೇಲುವುದನ್ನು ಕಂಡವರು ಅದನ್ನು ಮರೆಯಲಾರರು. ಇಬ್ಬರೂ ಕೂಡಿ ಒಬ್ಬ ಫಾರ್ಮೇಷನ್ ಬೋಧಕರ ಬಳಿ ಕಲಿಯಿರಿ. ಅವರು ಸೈ ಎಂದ ಮೇಲೆ, ಕ್ಯಾಮೆರಾವನ್ನು ಮೂರನೆಯವರೊಬ್ಬರ ಕೈಗೆ ಕೊಟ್ಟು ಹೋಗಿ. ಅವರು ತೆಗೆದ ಫೋಟೊವನ್ನು ನಮಗೆ ಕಳುಹಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ.

— ಸಂಪಾದಕ