ದೊಡ್ಡ ಸೆಟ್ ಬೇಡ, ಬಿಡಿಯಾಗಿಯೇ ತಗೊಳ್ಳಿ

ಬೈಕ್ ಕೆಲಸ ಮನೆಯಲ್ಲೇ ಮಾಡಿಕೊಳ್ಳಲು ನೂರಕ್ಕೂ ಜಾಸ್ತಿ ಪೀಸಿನ ಟೂಲ್ ಸೆಟ್ ಒಳ್ಳೆಯದಾ, ಬಿಡಿಯಾಗಿ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನಾದರೆ ಬಿಡಿಯಾಗಿಯೇ. ಆ ದೊಡ್ಡ ಪೆಟ್ಟಿಗೆಯಲ್ಲಿ ಸಣ್ಣ ಸಣ್ಣ ಬಿಟ್‌ಗಳೇ ಜಾಸ್ತಿ, ಸುಮ್ನೆ ಲೆಕ್ಕ ತುಂಬಿಸೋಕೆ.

ಮೊದಲು 8, 10, 12, 14, 17 ಎಂಎಂ ಸ್ಪ್ಯಾನರ್, ಬೋಲ್ಟಿನ ತಲೆ ಮೇಲೆ ಟೋಪಿಯಂತೆ ಕೂರುವ ಅದೇ ಅಳತೆಯ ಸಾಕೆಟ್, ಅದನ್ನು ತಿರುಗಿಸೋಕೆ 3/8 ಇಂಚಿನ ಚೌಕ ತುದಿಯ ಒಂದು ರಾಚೆಟ್ (ಹಿಂದೆ ಮುಂದೆ ಆಡಿಸಿದರೂ ಒಂದೇ ದಿಕ್ಕಿಗೆ ತಿರುಗಿಸುವ ಹಿಡಿ) ತಗೊಳ್ಳಿ. ಸಾಕೆಟ್ ಮಾತ್ರ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ಬೋಲ್ಟಿನ ಅಂಚುಗಳ ಮೇಲೇ ಒತ್ತುತ್ತದೆ. ತುಕ್ಕು ಹಿಡಿದ ಬೋಲ್ಟ್ ಆದರೆ ಅಂಚು ಸವೆದು ತಲೆ ಗುಂಡಗಾಗಿಬಿಡುತ್ತದೆ. ಆಮೇಲೆ ಅದನ್ನು ಬಿಚ್ಚುವ ಪಾಡು ಯಾರಿಗೂ ಬೇಡ.

ಟೂಲ್ ಮೇಲೆ ‘ಕ್ರೋಮ್ ವೆನೇಡಿಯಂ’ (ಗಟ್ಟಿ ಉಕ್ಕಿನ ಒಂದು ಬಗೆ) ಅಂತ ಬರೆದಿದ್ದರೆ ಸಾಕು ಅಂದುಕೊಳ್ಳಬೇಡಿ. ಹಾಗೆ ಯಾರು ಬೇಕಾದರೂ ಅಚ್ಚು ಹೊಡೆಯಬಹುದು, ಅಲ್ವಾ? ಒಂದು ಹೊಸ ಬೋಲ್ಟ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಸ್ಪ್ಯಾನರ್ ಬಾಯಿಗೆ ಕೂರಿಸಿ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಅಲ್ಲೇ ಬಿಟ್ಟು ಬನ್ನಿ. ರಾಚೆಟ್‌ನಲ್ಲಿ 72 ಹಲ್ಲಿದ್ದರೆ ಹಿಡಿ 5 ಡಿಗ್ರಿ ಸರಿದರೂ ಮುಂದಿನ ಹಲ್ಲು ಕಚ್ಚುತ್ತದೆ. ಎಂಜಿನ್ ಪಕ್ಕದ ಇಕ್ಕಟ್ಟಿನಲ್ಲಿ ಕೈ ಆಡಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ನಿಮ್ಮದು ಜಪಾನಿ ಬೈಕ್ ಆದರೆ ಜೆಐಎಸ್ (ಜಪಾನಿನ ಮಾನದಂಡ) ತುದಿಯ ಸ್ಕ್ರೂಡ್ರೈವರ್ ಒಂದಿರಲಿ. ಮಾಮೂಲಿ ಫಿಲಿಪ್ಸ್ (ಪ್ಲಸ್ ತುದಿಯದ್ದು) ಆ ಸ್ಕ್ರೂಗಳಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ಸ್ಕ್ರೂ ತಲೆಯನ್ನು ಸವೆಸಿಬಿಡುತ್ತದೆ.

ಬೋಲ್ಟನ್ನು ಬೇಕಾದಷ್ಟೇ ಅಳತೆಗೆ ಬಿಗಿಯುವ ಟಾರ್ಕ್ ರೆಂಚ್ ನಿಧಾನಕ್ಕೆ ತಗೊಂಡರೂ ಆಯಿತು. ಆದರೆ ಅದು ಬಿಗಿ ಮಾಡೋಕೆ ಮಾತ್ರ. ಅದರಲ್ಲಿ ಬೋಲ್ಟ್ ಬಿಚ್ಚಲು ಹೋಗಬೇಡಿ, ಅಳತೆ ತಪ್ಪುತ್ತದೆ.